ಹದಿನಾಲ್ಕು ದಿನಗಳ ವಿದ್ಯೆ

ಕಳೆದ ಮೇ ತಿಂಗಳ ಒಂದು ಆದಿತ್ಯವಾರ ಬೆಳಿಗ್ಗೆ, ಬಿಸಿಲು ಆಗಲೇ ಚುರುಕಾಗಿದ್ದ ಹೊತ್ತಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಾಯಿಯನ್ನು ಕರೆದುಕೊಂಡು ಮನೆಗೆ ಬಂದನು. ಬಿ.ಸಿ.ಎ. ತರಗತಿಯಲ್ಲಿ ಎರಡು ವರ್ಷ ನನ್ನಲ್ಲಿ ಕನ್ನಡ ಓದಿದವನು. ಕೊನೆಯ ಬೆಂಚಿನ ಹುಡುಗ. ಪದ್ಯಭಾಗ ನಡೆಯುವಾಗ ಅವನ ಕಣ್ಣು ಎಷ್ಟು ಹೊತ್ತು ತೆರೆದಿರುತ್ತಿತ್ತೆಂಬುದನ್ನು ನಾನು ಪರೀಕ್ಷಿಸಲು ಹೋದವನಲ್ಲ. ಈಗ ಮಂಗಳೂರಿನಲ್ಲೇ ಮನೆಮನೆಗೆ ಅಂತರ್ಜಾಲದ ತಂತಿ ಎಳೆಯುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾನೆ. ಸಂಬಳ ಹದಿನಾರು ಸಾವಿರ. ಕಂಬ ಹತ್ತುವುದು, ತಂತಿ ಜೋಡಿಸುವುದು, ಗಿರಾಕಿಗಳ ಬೈಗುಳ ಕೇಳುವುದು, ರಾತ್ರಿ ಎಂಟಕ್ಕೆ ಬಸ್ಸು ಹಿಡಿಯುವುದು. ಇದು ಅವನ ದಿನಚರಿ. ತಾಯಿ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯವರು. ಮೂವತ್ತು ವರ್ಷಗಳಿಂದ ಬೀಡಿ ಕಟ್ಟಿಯೇ ಮನೆ ನಡೆಸಿದವರು.

ಹುಡುಗ ಚೀಲದಿಂದ ಒಂದು ಬಣ್ಣದ ಕರಪತ್ರವನ್ನು ತೆಗೆದು ಮೇಜಿನ ಮೇಲಿಟ್ಟನು. ಬೆಂಗಳೂರಿನ ಒಂದು ತರಬೇತಿ ಕೇಂದ್ರದ್ದು. 'ಬೂಟ್ ಕ್ಯಾಂಪ್' ಎಂದು ದಪ್ಪ ಅಕ್ಷರದಲ್ಲಿತ್ತು. ದಿನಗಳು ಹದಿನಾಲ್ಕು, ದಿನಕ್ಕೆ ಹತ್ತು ಗಂಟೆ, ಊಟ ವಸತಿ ಸಹಿತ, ಕೊನೆಯಲ್ಲಿ ಸಿ.ಸಿ.ಎನ್.ಎ. ಪ್ರಮಾಣಪತ್ರ 'ಖಚಿತ'. ಶುಲ್ಕ ಐವತ್ತೈದು ಸಾವಿರ. ಪರೀಕ್ಷೆಯ ಶುಲ್ಕ ಬೇರೆ. ತಾಯಿಯ ಕೊರಳಲ್ಲಿದ್ದ ಸರವನ್ನು ಸೊಸೈಟಿಯಲ್ಲಿಟ್ಟರೆ ಈ ಹಣ ಹುಟ್ಟುತ್ತದೆಂದು ಮಗ ಲೆಕ್ಕ ಹಾಕಿದ್ದನು. ಹೋಗಲೋ ಬೇಡವೋ ಎಂದು ಮೇಷ್ಟರನ್ನು ಕೇಳೋಣವೆಂದು ತಾಯಿಯೇ ಕರೆತಂದಿದ್ದರು.

"ಹೋಗಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹದಿನಾಲ್ಕು ದಿನದಲ್ಲಿ ಬರುವ ವಿದ್ಯೆ ಎಂಥದ್ದು ಮಾಸ್ಟ್ರೆ?" ಎಂದು ಅವರು ಕೇಳಿದರು.

ಪಂಪನೂ ರತ್ನಾಕರವರ್ಣಿಯೂ ನನ್ನ ಪಾಠದ ವಿಷಯ, ತಂತಿಯಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಒಂದು ತಿಂಗಳ ಅವಕಾಶ ಕೇಳಿಕೊಂಡೆನು. ಆ ತಿಂಗಳಲ್ಲಿ ನಾನು ವಿಚಾರಿಸಿ ತಿಳಿದದ್ದನ್ನೂ ಅದರಿಂದ ನನಗೆ ತೋರಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕರಪತ್ರವನ್ನು ಹಿಡಿದು ಬರುವ ಹುಡುಗರು ನಮ್ಮ ಅಧ್ಯಾಪಕ ವರ್ಗದ ಪ್ರತಿಯೊಬ್ಬರ ಮನೆಯ ಜಗಲಿಯನ್ನೂ ಒಂದಲ್ಲ ಒಂದು ದಿನ ಹತ್ತುವವರೇ.

ಮೊದಲು ಆ ಪ್ರಮಾಣಪತ್ರವೆಂಬುದು ಏನು? ಗಣಕಯಂತ್ರಗಳನ್ನು ಒಂದಕ್ಕೊಂದು ಹೊಂದಿಸಿ ಜಾಲವಾಗಿ ಕಟ್ಟುವುದಕ್ಕೆ ಬೇಕಾದ ಯಂತ್ರಗಳನ್ನು ತಯಾರಿಸುವ ಅಮೇರಿಕದ ಸಿಸ್ಕೋ ಸಂಸ್ಥೆಯು ತನ್ನದೇ ಪರೀಕ್ಷೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಅತ್ಯಂತ ಕಠಿನವಾದ ಸಿ.ಸಿ.ಐ.ಇ. ೧೯೯೩ರಲ್ಲಿ ಮೊದಲಾಯಿತು, ಅದರ ಪ್ರಾಯೋಗಿಕ ಪರೀಕ್ಷೆ ಎಂಟು ಗಂಟೆಗಳ ಕಾಲ ನಡೆಯುತ್ತದೆ. ನಮ್ಮ ಹುಡುಗನ ಸಿ.ಸಿ.ಎನ್.ಎ. ಕೆಳಗಿನ ಮೆಟ್ಟಿಲು. ಅದು ೧೯೯೮ರಲ್ಲಿ ಬಂತು. ೨೦೨೦ರ ಫೆಬ್ರವರಿಯಲ್ಲಿ ಹಳೆಯ ಕವಲುಗಳನ್ನೆಲ್ಲ ಸೇರಿಸಿ ಒಂದೇ ಪರೀಕ್ಷೆಯಾಗಿ ಮಾಡಿದರು. ಅವಧಿ ೧೨೦ ನಿಮಿಷ. ಒಮ್ಮೆ ಉತ್ತರಿಸಿ ಮುಂದೆ ಹೋದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಬರೆಯಲು ಇಂಥ ಪದವಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ಶುಲ್ಕ ಕೊಟ್ಟವರು ಯಾರೂ ಕುಳಿತುಕೊಳ್ಳಬಹುದು. ಆ ಶುಲ್ಕವೇ ಸುಮಾರು ೩೦೦ ಡಾಲರು, ಎಂದರೆ ಇಪ್ಪತ್ತೈದು ಸಾವಿರ ರೂಪಾಯಿಗಳಿಗೂ ಮೇಲೆ. ತೇರ್ಗಡೆಯಾದವರ ಪತ್ರಕ್ಕೆ ಮೂರೇ ವರ್ಷ ಆಯುಷ್ಯ, ಆಮೇಲೆ ನವೀಕರಿಸಬೇಕು. ನಪಾಸಾದವರು ಐದು ದಿನ ಕಳೆದು ಮತ್ತೆ ಹಣ ಕಟ್ಟಿ ಬರೆಯಬಹುದು. ಶಿಬಿರದ ಐವತ್ತೈದು ಸಾವಿರವನ್ನೂ ಇದನ್ನೂ ಕೂಡಿಸಿದರೆ ನಮ್ಮ ಹುಡುಗನ ಐದು ತಿಂಗಳ ಸಂಬಳವಾಯಿತು.

ಬೂಟ್ ಕ್ಯಾಂಪ್ ಎಂಬ ಹೆಸರು ಅಮೇರಿಕದ ಸೈನ್ಯದಿಂದ ಬಂದದ್ದು. ಹೊಸದಾಗಿ ಸೇರಿದ ಎಳೆಯರನ್ನು ಕೆಲವು ವಾರ ಒಂದೆಡೆ ಕೂಡಿಹಾಕಿ ದಂಡಿಸುವ ಶಿಬಿರ ಅದು. ಹೆಸರು ಹೊಸದಾದರೂ ಸಂಗತಿ ನಮಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ೧೯೮೧ರಲ್ಲಿ ಆರಂಭವಾದ ಸಂಸ್ಕೃತ ಸಂಭಾಷಣೆಯ ಆಂದೋಲನದವರು ಹತ್ತು ದಿನ, ದಿನಕ್ಕೆರಡು ಗಂಟೆ ಎಂಬ ಲೆಕ್ಕದಲ್ಲಿ ನಡೆಸಿದ ಶಿಬಿರಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಹತ್ತನೆಯ ದಿನ ಆ ಶಿಬಿರದಿಂದ ಹೊರಗೆ ಬಂದವನು ನೀರು ಬೇಕು, ನಾಳೆ ಬರುತ್ತೇನೆ ಎಂಬಷ್ಟನ್ನು ಸಂಸ್ಕೃತದಲ್ಲಿ ನಿಸ್ಸಂಕೋಚವಾಗಿ ಹೇಳಬಲ್ಲನು. ಅದು ಸಣ್ಣ ಲಾಭವಲ್ಲ. ವರ್ಷಗಟ್ಟಲೆ ಶಬ್ದರೂಪ ಉರುಹೊಡೆದ ನಮ್ಮಂಥವರಿಗೆ ಬಾರದ ಧೈರ್ಯ ಅದು. ಆದರೆ ಅವನ ಕೈಗೆ ಕಾದಂಬರಿಯನ್ನು ಕೊಟ್ಟು ಅರ್ಥ ಹೇಳೆನ್ನುವವರು ಯಾರೂ ಇಲ್ಲ. ಶಿಬಿರ ನಡೆಸುವವರೂ ಹಾಗೆಂದು ಮಾತು ಕೊಟ್ಟಿರುವುದಿಲ್ಲ.

ನಮ್ಮ ಮಂಗಳೂರು ಪರೀಕ್ಷೆಗಳ ಊರು. ಸರ್ಕಾರಿ ಕಾಲೇಜು ೧೮೬೮ರದು, ಸಂತ ಅಲೋಶಿಯಸ್ ೧೮೮೦ರದು. ೧೯೫೬ರವರೆಗೂ ನಾವು ಮದರಾಸಿನ ಆಡಳಿತಕ್ಕೆ ಸೇರಿದವರಾದುದರಿಂದ ಅಲ್ಲಿಂದ ಬರುವ ಫಲಿತಾಂಶಕ್ಕಾಗಿ ಕಾಯುವುದು ನಮ್ಮ ಅಜ್ಜಂದಿರಿಗೆ ಅಭ್ಯಾಸವಾಗಿತ್ತು. ಪದವಿಯ ಹೊರಗೆ, ಬಡವರ ಮನೆಯ ಮಕ್ಕಳನ್ನು ಸಂಬಳಕ್ಕೆ ಮುಟ್ಟಿಸಿದ ಪರೀಕ್ಷೆಯೆಂದರೆ ಬೆರಳಚ್ಚು ಮತ್ತು ಶೀಘ್ರಲಿಪಿಗಳದ್ದು. ಲೋವರ್, ಹೈಯರ್ ಎಂದು ಆಗ ಹೇಳುತ್ತಿದ್ದರು. ಹಂಪನಕಟ್ಟೆಯ ಸುತ್ತಿನ ಹಳೆಯ ಮಾಳಿಗೆಗಳಲ್ಲಿ ಸಂಜೆಯ ಹೊತ್ತು ಕೇಳಿಬರುತ್ತಿದ್ದ ಆ ಯಂತ್ರಗಳ ಸದ್ದು ನನ್ನ ಬಾಲ್ಯದವರೆಗೂ ಉಳಿದಿತ್ತು. ನನ್ನ ಅಕ್ಕ ಅಂಥ ಒಂದು ಕಡೆ ದಿನಕ್ಕೆ ಒಂದೇ ಗಂಟೆ ಕುಳಿತು ಬರುತ್ತಿದ್ದಳು. ಒಂದು ಗಂಟೆ ಮುಗಿದರೆ ಎಷ್ಟು ಬೇಡಿಕೊಂಡರೂ ಯಜಮಾನರು ಯಂತ್ರದಿಂದ ಎಬ್ಬಿಸುತ್ತಿದ್ದರಂತೆ. ಮುಂದಿನ ಹುಡುಗಿ ಕಾದು ನಿಂತಿರುತ್ತಾಳೆಂಬುದು ಒಂದು ಕಾರಣ. ಬೆರಳು ಒಂದು ರಾತ್ರಿ ಮಲಗಿ ಎದ್ದರೇ ಕಲಿತದ್ದು ನಿಲ್ಲುವುದೆಂಬುದು ಅವರು ಹೇಳುತ್ತಿದ್ದ ಇನ್ನೊಂದು ಕಾರಣ. ಹದಿನಾಲ್ಕು ದಿನದ ಬೆರಳಚ್ಚು ಶಾಲೆಯನ್ನು ಆ ಕಾಲದಲ್ಲಿ ಯಾರೂ ತೆರೆಯಲಿಲ್ಲ.

ಆ ಯಜಮಾನರು ಅನುಭವದಿಂದ ಹೇಳಿದ್ದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ೧೮೮೫ರಲ್ಲಿ ಲೆಕ್ಕಮಾಡಿ ತೋರಿಸಿದ್ದನು. ಅರ್ಥವಿಲ್ಲದ ಹನ್ನೆರಡು ಉಚ್ಚಾರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನನ್ನೇ ಪರೀಕ್ಷಿಸಿಕೊಂಡ ವಿಲಕ್ಷಣ ಮನುಷ್ಯ ಆತ. ಒಂದೇ ಸಲ ಕುಳಿತು ೬೮ ಬಾರಿ ಓದಿದರೆ ಮರುದಿನಕ್ಕೆ ಎಷ್ಟು ಪ್ರಯೋಜನವಾಗುತ್ತಿತ್ತೋ, ಮೂರು ದಿನಗಳಲ್ಲಿ ಹಂಚಿ ೩೮ ಬಾರಿ ಓದಿದರೆ ಅಷ್ಟೇ ಅಥವಾ ಅದಕ್ಕಿಂತ ಮೇಲಾದ ಪ್ರಯೋಜನವನ್ನು ಅವನು ಕಂಡನು. ಹೆಚ್ಚುಕಡಮೆ ಅರ್ಧದಷ್ಟು ದುಡಿಮೆ ಉಳಿಯಿತು. ನಡುವೆ ಬಿಟ್ಟ ರಾತ್ರಿಗಳು ಪುಕ್ಕಟೆಯಾಗಿ ಕೆಲಸ ಮಾಡಿಕೊಟ್ಟಿದ್ದುವು. ಶಿಬಿರದಲ್ಲಿ ಹಣ ಕೊಟ್ಟು ನಾವು ಕಳೆದುಕೊಳ್ಳುವುದು ಈ ರಾತ್ರಿಗಳನ್ನೇ.

ಇಷ್ಟಾದರೂ, ಆ ವಿದ್ಯೆ ಬೆರಳಿನದೋ, ಬಾಯಿಪಾಠದ್ದೋ, ಬುದ್ಧಿಯದೋ ಎಂಬುದನ್ನು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲವಷ್ಟೆ. ಆದುದರಿಂದ ನಗರದಲ್ಲೇ ಜಾಲದ ಕೆಲಸ ಮಾಡುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಯನ್ನು ಹಿಡಿದು, ನಾಲ್ಕು ಸಂಜೆ ಅವನೆದುರು ಶಿಷ್ಯನಾಗಿ ಕುಳಿತೆನು. ನಲವತ್ತರ ಮೇಲಿನ ಪ್ರಾಯದಲ್ಲಿ ಶಿಷ್ಯನಾಗುವುದು ಅಹಂಕಾರಕ್ಕೆ ಒಳ್ಳೆಯ ಔಷಧ.

ಅವನು ಮೊದಲು ಹೇಳಿಕೊಟ್ಟದ್ದು ವಿಳಾಸದ ವಿಚಾರ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸವುಂಟು. ಚುಕ್ಕಿಗಳ ನಡುವೆ ನಾಲ್ಕು ಸಂಖ್ಯೆಗಳು. ನಮ್ಮ ಅಂಚೆಯ ಪಿನ್ ಕೋಡು ಇದಕ್ಕೆ ಸಮೀಪದ ಹೋಲಿಕೆ. ಅದು ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂತು. ೫೭೫೦೦೧ ಎಂದು ಬರೆದ ಕಾಗದ ದೆಹಲಿಯಲ್ಲಿ ಬಿದ್ದರೆ ಅಲ್ಲಿಯ ನೌಕರನಿಗೆ ಪಾಂಡೇಶ್ವರ ಎಲ್ಲಿದೆಯೆಂಬುದು ತಿಳಿದಿರಬೇಕಾಗಿಲ್ಲ. ಮೊದಲ ೫ನ್ನು ಕಂಡು ದಕ್ಷಿಣದ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ೫೭೫ ಎಂದು ಕಂಡವನು ಮಂಗಳೂರಿಗೆ ಕಳುಹಿಸುತ್ತಾನೆ. ಕೊನೆಯ ಮೂರು ಅಂಕಿಗಳನ್ನು ನೋಡುವವನು ಮಂಗಳೂರಿನಲ್ಲಿರುವವನು. ರೌಟರ್ ಎಂಬ ಯಂತ್ರ ಮಾಡುವುದೂ ಇದನ್ನೇ: ವಿಳಾಸದ ಮುಂಭಾಗವನ್ನು ಮಾತ್ರ ನೋಡಿ ಯಾವ ದಾರಿಗೆ ಎಂದು ತೀರ್ಮಾನಿಸುವುದು. ಎಷ್ಟು ಸುಲಭ ಎಂದುಕೊಂಡೆನು.

ತೊಡಕು ಬಂದದ್ದು ಮುಂದಿನ ಸಂಜೆ. ಪಿನ್ ಕೋಡಿನಲ್ಲಿ ಮುಂಭಾಗ ಎಲ್ಲಿ ಮುಗಿಯುತ್ತದೆಂಬುದು ಕಣ್ಣಿಗೇ ಕಾಣುತ್ತದೆ; ಗಡಿ ಎರಡು ಅಂಕಿಗಳ ನಡುವೆ ಬೀಳುತ್ತದೆ. ಇಲ್ಲಿ ಗಡಿ ಒಂದು ಸಂಖ್ಯೆಯ ಹೊಟ್ಟೆಯೊಳಗೇ ಬೀಳಬಹುದು. ಏಕೆಂದರೆ ಯಂತ್ರಕ್ಕೆ ನಮ್ಮ ಹತ್ತು ಅಂಕಿಗಳು ತಿಳಿಯವು. ಸೊನ್ನೆ ಮತ್ತು ಒಂದು ಎಂಬ ಎರಡನ್ನೇ ಅದು ಬಲ್ಲುದು. ನಾಲ್ಕು ಸಂಖ್ಯೆಗಳಲ್ಲಿ ಒಂದೊಂದಕ್ಕೂ ಅಂಥ ಎಂಟು ಸ್ಥಾನಗಳು, ಒಟ್ಟು ಮೂವತ್ತೆರಡು. ಹೀಗೆ ಹುಟ್ಟುವ ವಿಳಾಸಗಳು ೪೨೯,೪೯,೬೭,೨೯೬. ಈಗ ೧೯೨.೧೬೮.೧೦.೭೭ ಎಂಬ ವಿಳಾಸವಿದೆ, ಗಡಿ ಇಪ್ಪತ್ತಾರನೆಯ ಸ್ಥಾನದಲ್ಲಿದೆ, ಇದು ಯಾವ ತುಂಡಿಗೆ ಸೇರಿದ್ದು ಹೇಳಿ ಎಂದು ನನ್ನ ಶಿಷ್ಯಗುರು ಕೇಳಿದನು. ನಾನು ಕಕ್ಕಾಬಿಕ್ಕಿಯಾದೆನು.

ಅವನು ಕಾಗದದ ಮೇಲೆ ೭೭ನ್ನು ಸೊನ್ನೆ ಒಂದುಗಳಲ್ಲಿ ಬರೆದು ತೋರಿಸಿದನು: ೦೧೦೦೧೧೦೧. ಎಡಗಡೆಯ ಮೊದಲ ಎರಡು ಸ್ಥಾನಗಳು ಗಡಿಯ ಮುಂದಿನವು, ಉಳಿದ ಆರು ಹಿಂದಿನವು. ಮುಂದಿನವು ೦೧ ಆದಕಾರಣ ಇದು ನಾಲ್ಕು ತುಂಡುಗಳಲ್ಲಿ ಎರಡನೆಯದು, ೬೪ರಿಂದ ೧೨೭ರವರೆಗಿನದು. ಅದರಲ್ಲಿ ಮೊದಲನೆಯದು ತುಂಡಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಯಂತ್ರಗಳಿಗೆ ಉಳಿಯುವುದು ೬೨.

ಆ ಎಂಟು ಸ್ಥಾನಗಳನ್ನು ನೋಡುತ್ತ ಕುಳಿತಾಗ ನನಗೆ ಥಟ್ಟನೆ ಹೊಳೆಯಿತು. ಇದು ನಮ್ಮ ಮನೆಯದೇ ಸಾಮಾನಲ್ಲವೆ! ಲಘು ಗುರು ಎಂಬ ಎರಡೇ ವಸ್ತುಗಳಿಂದ ಛಂದಸ್ಸನ್ನು ಕಟ್ಟಿದವರು ನಾವು. ಮೂರು ಅಕ್ಷರಗಳಲ್ಲಿ ಎಂಟು ಗಣಗಳು ಹುಟ್ಟುವುದು ಎರಡನ್ನು ಮೂರು ಬಾರಿ ಗುಣಿಸಿದ್ದರಿಂದ. ಅನುಷ್ಟುಪ್ಪಿನ ಪಾದಕ್ಕೆ ಎಂಟು ಅಕ್ಷರ. ಅದರ ಪ್ರಸ್ತಾರವನ್ನು ಹಾಕಿದರೆ ೨೫೬ ಭೇದಗಳು. ಜಾಲದ ವಿಳಾಸದ ಒಂದೊಂದು ಸಂಖ್ಯೆಯೂ ಸೊನ್ನೆಯಿಂದ ೨೫೫ರವರೆಗೆ, ಎಂದರೆ ೨೫೬ ಬಗೆ. ಪಿಂಗಳನ ಸಂಪ್ರದಾಯದಲ್ಲಿ ನಷ್ಟ, ಉದ್ದಿಷ್ಟ ಎಂಬ ಎರಡು ಪ್ರತ್ಯಯಗಳುಂಟು. ಇಷ್ಟನೆಯ ಭೇದದ ರೂಪವೇನು ಎಂದು ಸಂಖ್ಯೆಯಿಂದ ರೂಪವನ್ನು ತೆಗೆಯುವುದು ನಷ್ಟ. ಈ ರೂಪ ಎಷ್ಟನೆಯದು ಎಂದು ರೂಪದಿಂದ ಸಂಖ್ಯೆಯನ್ನು ತೆಗೆಯುವುದು ಉದ್ದಿಷ್ಟ. ಪ್ರಸ್ತಾರದಲ್ಲಿ ಎಣಿಕೆ ಒಂದರಿಂದ ಮೊದಲಾಗುತ್ತದೆ, ಇಲ್ಲಿ ಸೊನ್ನೆಯಿಂದ. ಅಲ್ಲಿ ಬೇಗಬೇಗ ಬದಲಾಗುವುದು ಎಡಗಡೆಯ ಅಕ್ಷರ, ಇಲ್ಲಿ ಬಲಗಡೆಯದು. ವ್ಯತ್ಯಾಸ ಅಷ್ಟೇ. ಎಂ.ಎ. ಪರೀಕ್ಷೆಗಾಗಿ ಕಲಿತು, ಆಮೇಲೆ ಯಾವ ಉಪಯೋಗಕ್ಕೂ ಬಾರದೆಂದು ಮೂಲೆಗೆ ಸರಿಸಿದ್ದ ನಷ್ಟೋದ್ದಿಷ್ಟಗಳು ಇಪ್ಪತ್ತು ವರ್ಷಗಳ ಬಳಿಕ ಹೀಗೆ ಎದ್ದು ಬಂದುವು. ಅಂದಿನ ಸಂಜೆ ನಾನು ಆರು ಲೆಕ್ಕ ಮಾಡಿದೆನು, ನಾಲ್ಕು ಸರಿಯಾದುವು. ಮರುದಿನ ಮತ್ತೆ ಆರು ಮಾಡಿದೆನು, ಆರೂ ಸರಿಯಾದುವು. ಆ ಒಂದು ರಾತ್ರಿಯ ಅಂತರವನ್ನು ಓದುಗರು ಗಮನಿಸಬೇಕು.

ಈ ಪರೀಕ್ಷೆಯಲ್ಲಿ ವಿಳಾಸ ಮತ್ತು ದಾರಿಗಳ ಭಾಗಕ್ಕೆ ನೂರಕ್ಕೆ ಇಪ್ಪತ್ತೈದರಷ್ಟು ತೂಕ. ಉಳಿದದ್ದು ಜಾಲದ ಮೂಲತತ್ತ್ವ, ಭದ್ರತೆ, ಯಂತ್ರಗಳನ್ನು ತಾನಾಗಿ ನಡೆಯುವಂತೆ ಮಾಡುವ ವಿಧಾನ ಮುಂತಾದುವು. ಶಿಬಿರದಲ್ಲಿ ನಾನು ನಾಲ್ಕು ಸಂಜೆ ಕಲಿತ ವಿಳಾಸದ ವಿಚಾರವೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆಂದು ನನ್ನ ಗುರು ಹೇಳಿದನು. ಆ ಮಧ್ಯಾಹ್ನ ತೂಕಡಿಸಿದವನಿಗೆ ಮರುದಿನದ ಪಾಠಗಳೆಲ್ಲ ಗಾಳಿಯಲ್ಲಿ ಕಟ್ಟಿದ ಗೋಡೆ.

ನಾನೂ ಒಮ್ಮೆ ಇಂಥ ಶಿಬಿರಕ್ಕೆ ಹೋದವನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ೨೦೦೫ರಲ್ಲಿ ಅಧ್ಯಾಪಕನಾಗಲು ಬೇಕಾದ ಎನ್.ಇ.ಟಿ. ಪರೀಕ್ಷೆಗೆಂದು ಮೈಸೂರಿನಲ್ಲಿ ಹತ್ತು ದಿನದ ಒಂದು ಶಿಬಿರವನ್ನು ಸೇರಿದ್ದೆನು. ಆಗಿನ ಕ್ರಮದಲ್ಲಿ ಮೂರು ಪತ್ರಿಕೆಗಳು. ಮೊದಲ ಎರಡರಲ್ಲಿ ಗುರುತು ಹಾಕುವ ಪ್ರಶ್ನೆಗಳು, ಮೂರನೆಯದರಲ್ಲಿ ಬರೆದು ಉತ್ತರಿಸುವಂಥವು. ೨೦೧೨ರಲ್ಲಿ ಮೂರನೆಯದನ್ನೂ ಗುರುತಿನ ಪ್ರಶ್ನೆಯಾಗಿಸಿದರು. ಅದು ಬೇರೆ ಮಾತು. ಶಿಬಿರದಲ್ಲಿ ಬೆಳಗ್ಗಿನಿಂದ ರಾತ್ರಿಯವರೆಗೆ ಕವಿ, ಕಾಲ, ಕೃತಿ, ಆಶ್ರಯದಾತ. ಪಂಪ ಹುಟ್ಟಿದ್ದು ೯೦೨, ಆದಿಪುರಾಣ ೯೪೧, ಆಶ್ರಯ ಇಮ್ಮಡಿ ಅರಿಕೇಸರಿ. ಹತ್ತು ದಿನದಲ್ಲಿ ನನ್ನ ತಲೆ ಒಂದು ಅಚ್ಚುಕಟ್ಟಾದ ಸೂಚೀಪತ್ರವಾಯಿತು. ಮೊದಲ ಎರಡು ಪತ್ರಿಕೆಗಳನ್ನು ಹಾಡಿನಂತೆ ಮುಗಿಸಿದೆನು. ಮೂರನೆಯದರಲ್ಲಿ ಪಂಪನ ಕರ್ಣನ ಕುರಿತು ವಿಮರ್ಶಿಸಿ ಎಂದಿತ್ತು. ಇಸವಿಗಳು ಬಂದು ಸಾಲಾಗಿ ನಿಂತುವು, ಕರ್ಣ ಬರಲಿಲ್ಲ. ಬರೆಯುತ್ತಿರುವಾಗಲೇ ನನಗೆ ಫಲಿತಾಂಶ ತಿಳಿದಿತ್ತು.

ಅನಂತರ ಒಂದು ವರ್ಷ ಗ್ರಂಥಾಲಯದ ಒಂದೇ ಕಿಟಕಿಯ ಬಳಿ ಕುಳಿತು ಓದಿ ಮತ್ತೆ ಬರೆದು ತೇರ್ಗಡೆಯಾದೆನು. ಹಾಗೆಂದು ಆ ಹತ್ತು ದಿನ ದಂಡವಾಯಿತೆ? ಇಲ್ಲವೆಂದೇ ಹೇಳುತ್ತೇನೆ. ಪರೀಕ್ಷೆಯೆಂಬ ಪ್ರಾಣಿಯ ಮುಖವನ್ನು ಅಲ್ಲಿ ಕಂಡೆನು, ಗಡಿಯಾರದ ಅಭ್ಯಾಸವಾಯಿತು, ನನ್ನಂತೆಯೇ ಅಂಜಿದ್ದ ಮೂವತ್ತು ಮಂದಿಯನ್ನು ಕಂಡು ಅಂಜಿಕೆ ಇಳಿಯಿತು. ಆದರೆ ಆ ಶಿಬಿರ ಓದಿನ ವರ್ಷದ ಮೊದಲಿಗೆ ಬಂದದ್ದು ತಪ್ಪಾಯಿತು. ಕೊನೆಗೆ ಬಂದಿದ್ದರೆ ಅದರ ಬೆಲೆ ಮೂರು ಪಾಲಾಗುತ್ತಿತ್ತು.

ಜಾಲದವರನ್ನು ವಿಚಾರಿಸಿದಾಗಲೂ ಇದೇ ಬಗೆಯ ಮಾತು ಕೇಳಿಬಂತು. ನಗರದ ಒಂದು ಆಸ್ಪತ್ರೆಯಲ್ಲಿ ಜಾಲದ ಹೊಣೆ ಹೊತ್ತವರು ಹುಡುಗರನ್ನು ಆರಿಸುವ ತಮ್ಮ ಕ್ರಮವನ್ನು ಹೇಳಿದರು. ಒಂದು ಮೇಜು, ಎರಡು ಯಂತ್ರ, ನಡುವೆ ಒಂದು ತಂತಿ. ಕೆಲಸ ಮಾಡುತ್ತಿಲ್ಲ, ಏಕೆಂದು ನೋಡಿ ಎನ್ನುತ್ತಾರೆ. ಶಿಬಿರದಿಂದ ನೇರವಾಗಿ ಬಂದ ಒಬ್ಬನು ಜಾಲವಿದ್ಯೆಯ ಏಳು ಸ್ತರಗಳನ್ನು ಮೇಲಿನಿಂದ ಕೆಳಕ್ಕೆ ತಪ್ಪಿಲ್ಲದೆ ಒಪ್ಪಿಸಿದನಂತೆ. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ತಂತಿಯ ಸ್ತರ. ಅವರು ತಂತಿಯ ತುದಿಯನ್ನೇ ಸಡಿಲ ಮಾಡಿ ಇಟ್ಟಿದ್ದರು. ಅವನು ಅದನ್ನು ಮುಟ್ಟಿಯೂ ನೋಡಲಿಲ್ಲ. ಕಂಬ ಹತ್ತುವ ನಮ್ಮ ಹುಡುಗನಾಗಿದ್ದರೆ ಮೊದಲು ಕೈ ಹಾಕುತ್ತಿದ್ದುದು ಅಲ್ಲಿಗೇ ಎಂದು ನನಗೆ ಆಗ ತೋರಿತು.

ಆದರೆ ದುಬೈಯಲ್ಲಿರುವ ನಮ್ಮೂರಿನ ಹೆಣ್ಣುಮಗಳೊಬ್ಬಳ ಅನುಭವ ಬೇರೆ. ಬ್ಯಾಂಕೊಂದರ ಶಾಖೆಗಳ ಜಾಲವನ್ನು ನಾಲ್ಕು ವರ್ಷ ನೋಡಿಕೊಂಡವಳು ಆಕೆ; ಕೆಲಸ ಬರುತ್ತಿತ್ತು, ಪತ್ರವಿರಲಿಲ್ಲ. ಆ ನಾಡಿನಲ್ಲಿ ಅರ್ಜಿಯನ್ನು ಮೊದಲು ಜರಡಿ ಹಿಡಿಯುವವರಿಗೆ ಪತ್ರವೇ ಪ್ರಮಾಣ. ಮನೆಯಲ್ಲಿ ಎರಡು ವರ್ಷದ ಮಗು. ಪುಸ್ತಕ ತೆರೆದರೆ ಅದು ಬಂದು ಪುಸ್ತಕದ ಮೇಲೆ ಕುಳಿತುಕೊಳ್ಳುತ್ತಿತ್ತು. ತಾಯಿಯ ಬಳಿ ಮಗುವನ್ನು ಬಿಟ್ಟು ಏಳು ದಿನದ ಶಿಬಿರ ಸೇರಿದಳು. ಒಂಬತ್ತನೆಯ ದಿನ ಪರೀಕ್ಷೆ ಬರೆದು ತೇರ್ಗಡೆಯಾದಳು. ತಾನು ಹಣ ಕೊಟ್ಟದ್ದು ಪಾಠಕ್ಕಲ್ಲ, ಬಾಗಿಲು ಮುಚ್ಚಬಹುದಾದ ಒಂದು ಕೋಣೆಗೆ ಎಂದು ಆಕೆ ನನಗೆ ದೂರವಾಣಿಯಲ್ಲಿ ಹೇಳಿದಳು. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮನೆಯಲ್ಲಿ ಓದಿ ಎಂದು ಉಪದೇಶಿಸುವವರು ಆ ಮನೆಯಲ್ಲಿ ಓದುವ ಮೂಲೆಯೊಂದಿದೆಯೆ ಎಂದು ಕೇಳುವುದು ಕಡಮೆ.

'ಖಚಿತ' ಎಂಬ ಆ ಕರಪತ್ರದ ಮಾತು ನನ್ನನ್ನು ಬಹಳ ದಿನ ಕಾಡಿತು. ಪರೀಕ್ಷೆಯನ್ನು ನಡೆಸುವವರು ಅಮೇರಿಕದವರು, ಖಚಿತಪಡಿಸುವವರು ಇವರು ಹೇಗೆ? ಎರಡು ದಾರಿಗಳುಂಟಂತೆ. ಒಂದು, ನಪಾಸಾದರೆ ಮುಂದಿನ ತಂಡದಲ್ಲಿ ಪುಕ್ಕಟೆಯಾಗಿ ಕುಳಿತುಕೊಳ್ಳಬಹುದೆಂಬುದು. ಅದು ಪ್ರಾಮಾಣಿಕವಾದ ದಾರಿ, ಆದರೆ ಪರೀಕ್ಷೆಯ ಶುಲ್ಕ ಮತ್ತೆ ನಮ್ಮದೇ. ಇನ್ನೊಂದು, ಪರೀಕ್ಷೆ ಬರೆದು ಬಂದವರಿಂದ ಪ್ರಶ್ನೆಗಳನ್ನು ಸಂಗ್ರಹಿಸಿ ಉತ್ತರ ಸಹಿತ ಹಂಚುವುದು. ಈ ಕಳ್ಳ ಪ್ರಶ್ನೆಗಳ ಕಟ್ಟಿಗೆ 'ಡಂಪ್' ಎಂದು ಹೆಸರು. ಸಿಸ್ಕೋದ ನಿಯಮದಂತೆ ಅದು ಅಪರಾಧ. ಸಿಕ್ಕಿಬಿದ್ದವರ ಪತ್ರ ರದ್ದಾಗುತ್ತದೆ. ಎಲ್ಲ ಶಿಬಿರಗಳೂ ಹೀಗೆಂದು ನಾನು ಹೇಳಲಾರೆ. ನಮ್ಮ ಪರೀಕ್ಷೆಗಳೇನು ಚೊಕ್ಕವೆಂದು ಬೀಗುವಂತೆಯೂ ಇಲ್ಲ. ೨೦೨೪ರ ಜೂನ್ ೧೮ರಂದು ನಡೆದ ಎನ್.ಇ.ಟಿ.ಯನ್ನು ಮರುದಿನವೇ ರದ್ದುಮಾಡಿದ್ದನ್ನು ಮರೆಯುವುದು ಹೇಗೆ? ಆದರೂ ದಿನಕ್ಕೆ ಹತ್ತು ಗಂಟೆಯ ಪಾಠದಲ್ಲಿ ಕೊನೆಯ ಮೂರು ದಿನ ಬರಿಯ ಪ್ರಶ್ನೋತ್ತರವೇ ಆದರೆ, ಆ ಪ್ರಶ್ನೆಗಳು ಎಲ್ಲಿಂದ ಬಂದುವೆಂದು ಕೇಳುವ ಹಕ್ಕು ಸರ ಅಡವಿಟ್ಟ ತಾಯಿಗೆ ಉಂಟು.

ಒಂದು ತಿಂಗಳ ಮೇಲೆ, ಮಳೆ ಹಿಡಿದುಕೊಂಡಿದ್ದ ಒಂದು ಸಂಜೆ, ತಾಯಿ ಮಗ ಇಬ್ಬರೂ ಮತ್ತೆ ಬಂದರು. ನನಗೆ ತೋರಿದ್ದನ್ನು ಹೇಳಿದೆನು. ಈಗ ಹೋಗುವುದು ಬೇಡ. ಸಿಸ್ಕೋದವರೇ ೧೯೯೭ರಿಂದ ನಡೆಸಿಕೊಂಡು ಬಂದಿರುವ ಶಿಕ್ಷಣ ವಿಭಾಗವೊಂದಿದೆ. ಅದರ ಮೂಲಕ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಯಂತ್ರಗಳನ್ನು ಕೊಳ್ಳದೆಯೇ ಪರದೆಯ ಮೇಲೆ ಜಾಲ ಕಟ್ಟಿ, ಕೆಡಿಸಿ, ಸರಿಪಡಿಸಿ ಕಲಿಯಬಹುದು. ಹಳೆಯ ಗಣಕಯಂತ್ರವೊಂದು ಸಾಕು. ದಿನಕ್ಕೆ ಒಂದು ಗಂಟೆ, ಆರು ತಿಂಗಳು. ಅಷ್ಟರ ಮೇಲೆ ಮಾದರಿ ಪರೀಕ್ಷೆಗಳಲ್ಲಿ ದಡದ ಹತ್ತಿರ ಬಂದು ನಿಂತಿದ್ದರೆ, ಆಗ ಒಂದು ವಾರದ ಶಿಬಿರ ನಿನ್ನನ್ನು ದಡ ಹತ್ತಿಸೀತು. ದಡ ಆಗಲೇ ಸಿಕ್ಕಿದ್ದರೆ ಶಿಬಿರವೇ ಬೇಡ. ಪರೀಕ್ಷೆಯ ಶುಲ್ಕ ಮಾತ್ರ ಹೇಗೂ ತಪ್ಪದು.

ಮಗನ ಮುಖ ಸಣ್ಣದಾಯಿತು. ಅವನು ಆಶಿಸಿದ್ದುದು ಬೆಂಗಳೂರನ್ನು. ತಾಯಿ ಮಾತ್ರ ಯೋಚಿಸಿ ಒಂದು ಪ್ರಶ್ನೆ ಹಾಕಿದರು: "ಆರು ತಿಂಗಳು ಇವನು ಓದುತ್ತಾನೆ ಅಂತ ಯಾರು ಹೇಳಬೇಕು ಮಾಸ್ಟ್ರೆ? ಅಲ್ಲಿಯಾದರೆ ಕೂಡಿಹಾಕಿ ಓದಿಸುತ್ತಾರಲ್ಲ?"

ನನ್ನ ಒಂದು ತಿಂಗಳ ಸಂಶೋಧನೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ರಾತ್ರಿ ಎಂಟೂವರೆಗೆ ಮನೆ ಸೇರುವ ಹುಡುಗನಿಗೆ ಪ್ರತಿದಿನ ಒಂದು ಗಂಟೆಯೆಂದು ವಿಧಿಸಿದವನು ನಾನು. ಆ ಗಂಟೆಯನ್ನು ಕಾಯುವವರು ಯಾರು? ಎಬ್ಬಿಂಗ್‌ಹೌಸನು ತನ್ನನ್ನು ತಾನೇ ಕಾದುಕೊಂಡನು, ಎಲ್ಲರೂ ಎಬ್ಬಿಂಗ್‌ಹೌಸರಲ್ಲ. ಕೊನೆಗೆ, ಪ್ರತಿ ಆದಿತ್ಯವಾರ ಬೆಳಿಗ್ಗೆ ಇಲ್ಲಿಗೆ ಬಂದು ಆ ವಾರ ಕಲಿತದ್ದನ್ನು ನನಗೆ ಪಾಠ ಹೇಳಬೇಕು ಎಂದೆನು. ಏನೂ ತಿಳಿಯದ ಶಿಷ್ಯನಿಗೆ ಪಾಠ ಹೇಳುವುದು ಕಷ್ಟ. ನಾನು ಆ ಕಷ್ಟವನ್ನು ಒದಗಿಸಬಲ್ಲೆ. ತಾಯಿ ನಕ್ಕರು. ಸರ ಕೊರಳಲ್ಲೇ ಉಳಿಯಿತು.

ಅವನು ಬಂದನೆ? ಮೊದಲ ಐದು ವಾರ ತಪ್ಪದೆ ಬಂದನು. ಆಟಿಯ ಮಳೆಯಲ್ಲಿ ಮರಗಳು ಬಿದ್ದು ತಂತಿಗಳೆಲ್ಲ ಕಡಿದಾಗ ಮೂರು ವಾರ ಬರಲಿಲ್ಲ. ಇನ್ನು ಬರುವುದಿಲ್ಲವೆಂದೇ ತಿಳಿದಿದ್ದೆನು. ಅಷ್ಟಮಿ ಕಳೆದ ಮೇಲೆ ಮತ್ತೆ ಬಂದನು. ನವರಾತ್ರಿಯಲ್ಲಿ ಒಂದು ವಾರ ಮಾಯವಾದನು. ನನ್ನ ದಿನಚರಿಯ ಪುಸ್ತಕದಲ್ಲಿ ಒಟ್ಟು ಹದಿನೇಳು ಆದಿತ್ಯವಾರಗಳ ಗುರುತಿದೆ. ಆರು ತಿಂಗಳ ಲೆಕ್ಕಕ್ಕೆ ಅದು ಸಾಲದು. ಮಾದರಿ ಪರೀಕ್ಷೆಯಲ್ಲಿ ನೂರಕ್ಕೆ ಅರುವತ್ತೈದರ ಸುತ್ತ ಸುಳಿದಾಡುತ್ತಿದ್ದಾನೆ. ಐದು ದಿನದ ಶಿಬಿರವೊಂದು ಮಂಗಳೂರಿನಲ್ಲೇ ನಡೆಯುವುದೆಂದು ಕೇಳಿ, ಶುಲ್ಕ ಹನ್ನೆರಡು ಸಾವಿರ, ಇದಕ್ಕೆ ಸೇರಲೇ ಎಂದು ಕಳೆದ ವಾರ ಕೇಳಿದನು. ಸೇರು ಎಂದೆನು. ಈ ಬಾರಿ ಹಣ ಅವನದೇ.

ಅಂದು ಹೊರಡುವ ಮೊದಲು ನಮ್ಮ ಮನೆಯ ವೈ-ಫೈ ಪೆಟ್ಟಿಗೆ ಕೆಟ್ಟಿರುವುದನ್ನು ಹೇಳಿದೆನು. ಅವನು ಮೊದಲು ತಂತಿಯನ್ನು ಎಳೆದು ನೋಡಿ, ಮತ್ತೆ ಸಿಕ್ಕಿಸಿ, ಬಳಿಕ ಪತ್ರಿಕೆಯ ಅಂಚಿನಲ್ಲಿ ಒಂದು ವಿಳಾಸವನ್ನು ಬರೆದು ಎಂಟು ಸ್ಥಾನಗಳಾಗಿ ಬಿಡಿಸತೊಡಗಿದನು. ಬಿಡಿಸುವಾಗ ಸೊನ್ನೆ ಒಂದು ಎನ್ನಲಿಲ್ಲ. ಲಘು, ಗುರು, ಗುರು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದನು. ಇದನ್ನು ನಾನು ಆದಿತ್ಯವಾರ ಹೇಳಿಕೊಟ್ಟದ್ದೆ ಎಂದು ಕೇಳಿದೆನು. "ಇಲ್ಲ ಸಾರ್, ಕ್ಲಾಸಿನಲ್ಲಿ ಹೇಳಿದ್ದಿರಿ" ಎಂದನು, ತಲೆ ಎತ್ತದೆ.